ಸಕ್ಕರೆಗೆ ಬಾಗಿಲಿಲ್ಲದ ಮಗು

ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ ಹುಡುಗಿಯರು ಈಗಲೂ ಹಿಂದೂಪುರದ ನನ್ನ ಮನೆಗೆ ಬರುತ್ತಾರೆ. ಸರ್ಟಿಫಿಕೇಟುಗಳ ಫೈಲನ್ನು ಎದೆಗೆ ಅವಚಿಕೊಂಡು ಸೋಫಾದ ತುದಿಯಲ್ಲಿ ಕೂರುತ್ತಾರೆ. “ಮೇಡಂ, ಕೆಲಸ ಹೆಂಗಿರ್ತದೆ? ಏನಾದ್ರೂ ಟಿಪ್ಸ್ ಕೊಡಿ” ಎನ್ನುತ್ತಾರೆ. ಗ್ಲೌಸ್ ಹಾಕಿಕೊಳ್ಳಿ, ಲೇಬಲ್ ಎರಡು ಸಲ ಓದಿ, ಊಟದ ಡಬ್ಬಿಯನ್ನು ಲ್ಯಾಬಿನ ಫ್ರಿಜ್ಜಿನಲ್ಲಿ ಇಡಬೇಡಿ ಎಂದೆಲ್ಲ ಹೇಳಿ, ಕಾಫಿ ಕೊಟ್ಟು ಕಳಿಸುತ್ತೇನೆ. ನಿಜವಾಗಿ ಹೇಳಬೇಕಾದ್ದನ್ನು ಹೇಳುವುದಿಲ್ಲ. ಮಾತಿನಲ್ಲಿ ಆಗದ್ದು ಬರವಣಿಗೆಯಲ್ಲಿ ಆದೀತೇ ನೋಡೋಣ. ಬರೆಯುವುದರಲ್ಲಿ ಒಂದು ಸೌಕರ್ಯವಿದೆ. ಮಧ್ಯದಲ್ಲಿ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬಹುದು, ಎದುರಿಗೆ ಯಾರೂ ಕಾಯುತ್ತಿರುವುದಿಲ್ಲ.

ನನ್ನ ಹೆಸರು ಫಿಲೋಮಿನಾ. ಈ ಕಡೆಯ ಜನರ ಬಾಯಿಗೆ ಅದು ಬರುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲೂ ಹಿಂದೂಪುರದಲ್ಲೂ ನಾನು ‘ಲ್ಯಾಬಮ್ಮ’. ಓದಿದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅಲ್ಲಿಯ ಸಿಸ್ಟರ್‌ಗಳು ನನಗೆ ಕಲಿಸಿದ್ದು ಎರಡು: ನೀಟ್‌ನೆಸ್, ಮತ್ತು ನಾನು ಹೇಳಿದ್ದೇ ಸರಿ ಎನ್ನುವ ಧೈರ್ಯ. ಮೊದಲನೆಯದು ಕೆಲಸಕ್ಕೆ ಬಂತು. ಎರಡನೆಯದರ ಕಥೆಯೇ ಇದು.

ಕಲ್ಯಾಣದುರ್ಗದ ಒಂದು ಧರ್ಮಾಸ್ಪತ್ರೆಯಲ್ಲಿ ನನ್ನ ಮೊದಲ ಕೆಲಸ. ಲ್ಯಾಬ್ ಎಂದರೆ ಒಂದು ಕಿಟಕಿ, ಒಂದು ಮೈಕ್ರೊಸ್ಕೋಪು, ಸ್ಪಿರಿಟ್ ಲ್ಯಾಂಪು, ಮತ್ತು ಯಾರೋ ದಾನ ಕೊಟ್ಟ ಹಳೆಯ ಫ್ಲೇಮ್ ಫೋಟೋಮೀಟರು. ರಕ್ತದ ನೀರನ್ನು ಉರಿಯೊಳಗೆ ಸಿಂಪಡಿಸಿದರೆ ಸೋಡಿಯಂ ಹಳದಿಯಾಗಿ ಉರಿಯುತ್ತದೆ, ಪೊಟ್ಯಾಸಿಯಂ ತೆಳು ನೇರಳೆ. ಆ ಬಣ್ಣಗಳ ಅಂದಕ್ಕೆ ನಾನು ಮಾರುಹೋಗಿದ್ದೆ. ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ.

ದೊಡ್ಡ ಡಾಕ್ಟರು ಮೂರ್ತಿಯವರು. ಮನೆಮಾತು ತೆಲುಗು, ಸಿಟ್ಟೂ ತೆಲುಗಿನಲ್ಲೇ. ಬ್ರಹ್ಮಸಮುದ್ರದ ಕಡೆಯ ಒಬ್ಬ ಹೆಂಗಸು ಸುಸ್ತು ಎಂದು ಬಂದು ದಾಖಲಾಗಿದ್ದಳು. ಸಂಜೆ ಅವಳ ರಕ್ತ ನನ್ನ ಕೈಗೆ ಬಂತು. ಮನೆಗೆ ಹೋಗುವ ಹೊತ್ತು. ಹಾಳಾಗಬಾರದೆಂದು ಟ್ಯೂಬನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಬಂದು ಟೆಸ್ಟ್ ಮಾಡಿ ರಿಪೋರ್ಟ್ ಕಳಿಸಿದೆ. ಪೊಟ್ಯಾಸಿಯಂ ಎಷ್ಟಿತ್ತೆಂದರೆ, ಅಷ್ಟಿದ್ದರೆ ಹೃದಯ ನಿಂತೇ ಹೋಗಿರಬೇಕು. ಡಾಕ್ಟರು ವಾರ್ಡಿಗೆ ಓಡಿದರು. ಅವರ ಹಿಂದೆ ನಾನು. ಆಕೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ನುಂಗುತ್ತಿದ್ದಳು.

“ಏಮ್ಮಾ ಲ್ಯಾಬಮ್ಮಾ, ನೀ ರಿಪೋರ್ಟ್ ಪ್ರಕಾರಂ ಈಮೆ ನಿನ್ನನೇ ಚನಿಪೋಯಿಂದಿ!” ಎಂದರು ಡಾಕ್ಟರು. ನಿನ್ನ ರಿಪೋರ್ಟಿನ ಪ್ರಕಾರ ಈಕೆ ನಿನ್ನೆಯೇ ಸತ್ತಿದ್ದಾಳೆ ಎಂದು.

“ನಾನ್ಯಾಕ್ ಸಾಯ್ಲಿ ಸಾರ್,” ಎಂದಳು ಆಕೆ, “ಸಾರಿಗೆ ಉಪ್ಪು ಕಮ್ಮಿ ಆಗೈತೆ, ಅಷ್ಟೇಯ.”

ವಾರ್ಡೆಲ್ಲ ನಕ್ಕಿತು. ಆಮೇಲೆ ಡಾಕ್ಟರು ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಬೈಯುವುದನ್ನು ಬಿಟ್ಟು ಪಾಠ ಹೇಳಿದರು. ಜೀವಕೋಶದ ಸುತ್ತ ಇರುವುದು ಎಣ್ಣೆಯಂಥ ಪೊರೆ. ಉಪ್ಪು, ಸಕ್ಕರೆ ನೀರಿನಲ್ಲಿ ಕರಗುವ ಜಾತಿ, ಎಣ್ಣೆಯನ್ನು ದಾಟಲಾರವು. ದಾಟಲೆಂದೇ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಒಂದೊಂದು ಪದಾರ್ಥಕ್ಕೆ ಒಂದೊಂದು ಬಾಗಿಲು. ಕೆಲವು ಬರೀ ಬಾಗಿಲು, ಕೆಲವು ಪಂಪು. ಒಂದು ಪಂಪಿನ ಕೆಲಸ ಪೊಟ್ಯಾಸಿಯಮ್ಮನ್ನು ಒಳಗೆ ಎಳೆದು ಸೋಡಿಯಮ್ಮನ್ನು ಹೊರಗೆ ನೂಕುತ್ತಿರುವುದು. “ಚಲ್ಲಗಾ ಪೆಡಿತೇ ಆ ಪಂಪು ನಿದ್ರಪೋತುಂದಮ್ಮಾ” ಎಂದರು. ತಣ್ಣಗೆ ಇಟ್ಟರೆ ಪಂಪು ಮಲಗಿಬಿಡುತ್ತದೆ; ಒಳಗಿದ್ದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹೆಚ್ಚಾಗಿದ್ದು ಆಕೆಯ ಮೈಯಲ್ಲಲ್ಲ, ನನ್ನ ಟ್ಯೂಬಿನಲ್ಲಿ. ಕಾನ್ವೆಂಟಿನಲ್ಲಿ ‘ಸೆಮಿ ಪರ್ಮಿಯಬಲ್ ಮೆಂಬ್ರೇನ್’ ಎಂದು ಬೈಹಾರ್ಟ್ ಮಾಡಿ, ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವುದನ್ನು ನೋಡಿ ಪಾಸಾದವಳಿಗೆ ಅವತ್ತು ಮೊದಲ ಸಲ ಅರ್ಥವಾಯಿತು, ಇದು ಬದುಕಿರುವುದಕ್ಕೂ ಸಾಯುವುದಕ್ಕೂ ನಡುವಿನ ಮಾತು ಎಂದು.

ಮಳೆ ಶುರುವಾದರೆ ಆಸ್ಪತ್ರೆಗೆ ಭೇದಿಯ ಮಕ್ಕಳು ಬರುತ್ತಿದ್ದರು. ಡಾಕ್ಟರಿಗೆ ಹಳ್ಳಿಯ ಕನ್ನಡ ಬಾರದು, ಆದ್ದರಿಂದ ತಾಯಂದಿರಿಗೆ ಹೇಳುವ ಕೆಲಸ ನನ್ನದು. ಸಕ್ಕರೆ ಉಪ್ಪಿನ ನೀರು, ಚಮಚ ಚಮಚವಾಗಿ. ಅದರ ಗುಟ್ಟೂ ಬಾಗಿಲಿನದೇ. ಕರುಳಿನಲ್ಲಿ ಒಂದು ಪ್ರೋಟೀನು ಇದೆ. ಉಪ್ಪೊಂದೇ ಬಂದರೆ ಕದಲುವುದಿಲ್ಲ, ಸಕ್ಕರೆಯೊಂದೇ ಬಂದರೂ ಕದಲುವುದಿಲ್ಲ, ಎರಡೂ ಕೂಡಿ ಬಂದರೆ ಒಳಗೆ ಬಿಡುತ್ತದೆ. ಅವುಗಳ ಹಿಂದೆ ನೀರು ತಾನಾಗಿ ಹೋಗುತ್ತದೆ. ಕಣ್ಣು ಗುಳಿಬಿದ್ದ ಮಗು ಮಧ್ಯಾಹ್ನದ ಹೊತ್ತಿಗೆ ಕೈಕಾಲು ಆಡಿಸುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ನಮಗೆ ಅಡ್ಡ ಬರುತ್ತಿದ್ದವರು ಅಜ್ಜಿಯರು. “ಹೋಗೋವಾಗ ಏನೂ ಕೊಡಬಾರ್ದು ಕಣಮ್ಮ, ಹೊಟ್ಟೆ ಒಣಗ್ಲಿ” ಎನ್ನುತ್ತಿದ್ದರು. ಅವರನ್ನು ಗದರಿಸುವುದರಲ್ಲಿ ನಾನು ಎಕ್ಸ್‌ಪರ್ಟ್ ಆದೆ. ಗದರಿಸಿದ್ದರಿಂದ ಮಕ್ಕಳು ಉಳಿದವು, ಅದು ಸುಳ್ಳಲ್ಲ. ಆದರೆ ಎದುರಿಗಿರುವ ಅಜ್ಜಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಇರುವುದೂ ನನಗೆ ಅಭ್ಯಾಸವಾಯಿತು.

ಆಮೇಲೆ ಹಿಂದೂಪುರಕ್ಕೆ ಬಂದೆ. ದೊಡ್ಡ ಆಸ್ಪತ್ರೆ, ದೊಡ್ಡ ಲ್ಯಾಬ್. ಮೆಟ್ಟಿಲು ಮೆಟ್ಟಿಲಾಗಿ ಹುದ್ದೆಗಳೂ ಬಂದವು, ಅದನ್ನು ಬಿಡಿ.

ಒಂದು ದಿನ ಮಕ್ಕಳ ವಾರ್ಡಿನಿಂದ ಹನ್ನೆರಡು ದಿನದ ಗಂಡುಮಗುವಿನ ಯೂರಿನ್ ಸ್ಯಾಂಪಲ್ ಬಂತು. ಆಗ ಸಕ್ಕರೆ ನೋಡಲು ಬೆನೆಡಿಕ್ಟ್ ಟೆಸ್ಟ್ ಮಾಡುತ್ತಿದ್ದೆವು. ಟ್ಯೂಬಿನಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ತೊಟ್ಟು ಯೂರಿನ್, ಕುದಿಸುವುದು. ಸಕ್ಕರೆಯಿಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ತೀರಾ ಹೆಚ್ಚಿದ್ದರೆ ಇಟ್ಟಿಗೆಯ ಕೆಂಪು. ಈ ಮಗುವಿನದು ಇಟ್ಟಿಗೆ ಕೆಂಪು. ರಕ್ತದ ಸಕ್ಕರೆ ನೋಡಿದರೆ ನಾರ್ಮಲ್. ಸ್ಯಾಂಪಲ್ಲಿಗೆ ಒಂಥರ ಹುಳಿ ವಾಸನೆಯಿತ್ತು.

ಮಕ್ಕಳ ಡಾಕ್ಟರು ರಿಪೋರ್ಟ್ ಹಿಡಿದುಕೊಂಡು ಬಂದರು. “ಏನ್ರೀ ಫಿಲೋಮಿನಾ, ಟ್ಯೂಬ್ ತೊಳೆದಿದ್ರಾ, ಇಲ್ಲಾ ಅದ್ರಲ್ಲೇ ಟೀ ಕುಡಿದಿದ್ರಾ?”

ಮತ್ತೆ ಮಾಡಿದೆ. ಮತ್ತೆ ಕೆಂಪು. ಹೇಳುವ ಧೈರ್ಯ ಬರಲಿಲ್ಲ. ನನ್ನ ನೀಟ್‌ನೆಸ್ ಬಗ್ಗೆ ಹತ್ತು ಜನರೆದುರು ಮಾತು ಬಂದಿತ್ತು. ‘ಸ್ಯಾಂಪಲ್ ಕಂಟಾಮಿನೇಟೆಡ್’ ಎಂದು ಬರೆದು, ಟ್ಯೂಬನ್ನು ಸಿಂಕಿಗೆ ಸುರಿದೆ. ಆ ಸ್ಯಾಂಪಲ್ ಯೂರಿನ್ ಆಗಿರಲೇ ಇಲ್ಲ. ಮಗುವಿನ ಭೇದಿ ಎಷ್ಟು ನೀರಾಗಿತ್ತೆಂದರೆ ಬಟ್ಟೆಯ ಮೇಲೆ ಅದನ್ನು ಮೂತ್ರವೆಂದೇ ಎಲ್ಲರೂ ತಿಳಿದಿದ್ದರು. ನನಗೆ ಇದು ಹೊಳೆದದ್ದು ಆರು ವರ್ಷದ ನಂತರ.

ಮಗುವಿನ ತಾಯಿ ಶಶಿಕಲಾ, ಆಗ ಹತ್ತೊಂಬತ್ತರ ಹುಡುಗಿ. ಬೆಲ್ಲದ ಮಂಡಿಯ ಲಿಂಗಾಯತ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದವಳು. ‘ಬಂದವಳು’ ಎನ್ನುವುದೂ ತಪ್ಪು. ಗಂಡ ಮಹೇಶ ಅವಳ ಸೋದರಮಾವ, ತಾಯಿಯ ಸ್ವಂತ ತಮ್ಮ. ಅತ್ತೆ ಸರ್ವಮಂಗಳಮ್ಮ ಅವಳಿಗೆ ತಾಯಿಯ ತಾಯಿ. ಹುಟ್ಟಿದ್ದೂ ಅದೇ ಮನೆಯಲ್ಲಿ, ಸೇರಿದ್ದೂ ಅದೇ ಮನೆ. ನಮ್ಮ ಕಡೆ ಇದು ಹೊಸತಲ್ಲ. ಗೊತ್ತಿರುವ ಮನೆ, ಗೊತ್ತಿರುವ ಕೈ ಎಂದು ಮಾಡುತ್ತಾರೆ.

ರಿಪೋರ್ಟ್ ಕೊಡಲು ವಾರ್ಡಿಗೆ ಹೋದಾಗ ಸರ್ವಮಂಗಳಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಸಕ್ಕರೆ ಉಪ್ಪಿನ ನೀರಿನ ಲೋಟ ಹಾಗೆಯೇ ಇತ್ತು.

“ಯಾಕೆ ಕುಡಿಸಿಲ್ಲ?” ಎಂದೆ.

“ಕುಡಿಸಿದ್ರೆ ಹೋಯ್ತದೆ ಕಣಮ್ಮ. ಹಾಲು ಕುಡಿದ್ರೂ ಹೋಯ್ತದೆ. ಏನೂ ಕೊಡ್ದೆ ಬಿಟ್ರೆ ನಿಲ್ತದೆ. ನಾನು ಮೂರು ದಿನದಿಂದ ನೋಡ್ತಾ ಇವ್ನಿ.”

“ಅಜ್ಜೀ, ನಿಮ್ಮಂಥವರಿಂದಲೇ ಮಕ್ಕಳು ಸಾಯೋದು,” ಎಂದೆ. ಇಷ್ಟೇ ಜೋರಾಗಿ, ಇಷ್ಟೇ ಶಬ್ದಗಳಲ್ಲಿ. “ಚಮಚ ಚಮಚ ಕುಡಿಸಿ. ಹೋದಷ್ಟೂ ಕುಡಿಸಿ. ನಿಲ್ಲಿಸಲೇಬೇಡಿ.”

ಅವರು ಲೋಟ ಎತ್ತಿಕೊಂಡರು. ಮಗು ಮೂರನೆಯ ದಿನ ಹೋಯಿತು. ಗ್ಯಾಸ್ಟ್ರೊ ಎಂದು ಬರೆದರು. ತಡ ಮಾಡಿದ ಅಜ್ಜಿಯದೇ ತಪ್ಪು ಎಂದು ವಾರ್ಡಿನವರು ಆಡಿಕೊಂಡರು; ನಾನೂ ಆಡಿದೆ.

ಆರು ವರ್ಷ ಶಶಿಕಲಾಗೆ ಮಕ್ಕಳಾಗಲಿಲ್ಲ. ಅಷ್ಟರಲ್ಲಿ ನಮ್ಮ ಲ್ಯಾಬಿನಲ್ಲಿ ಬೆನೆಡಿಕ್ಟ್ ಹೋಗಿ ಸ್ಟ್ರಿಪ್ ಬಂತು, ಸ್ಟ್ರಿಪ್ ಓದುವುದಕ್ಕೂ ಮೆಷಿನ್ ಬಂತು. ನಾವು ಸ್ಯಾಂಪಲ್ಲಿನ ಮುಖ ನೋಡುವುದೇ ಕಡಿಮೆಯಾಯಿತು. ಮೆಷಿನ್‌ಗೆ ಮೂಗಿಲ್ಲ, ಮೈ ಡಿಯರ್ ಗರ್ಲ್ಸ್. ನಿಮಗಿದೆ. ದಯವಿಟ್ಟು ಬಳಸಿ.

ಎರಡನೆಯದು ಹೆಣ್ಣು. ಹುಟ್ಟಿದ ಐದನೆಯ ದಿನ ಶಶಿಕಲಾ ತಾನೇ ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. “ಆಂಟಿ, ಇದೂ ಹಂಗೇ ಮಾಡ್ತೈತೆ. ಒಂದಕ್ಕೆ ಮಾತ್ರ ಸಿಕ್ಕಾಪಟ್ಟೆ ಹೋಯ್ತದೆ” ಎಂದಳು. ಮುಖದಲ್ಲಿ ರಕ್ತವಿರಲಿಲ್ಲ. ಮಗುವಿನ ಬಟ್ಟೆ ಬಿಚ್ಚಿದೆ. ಕೆಳಗೆಲ್ಲ ಚರ್ಮ ಸುಟ್ಟಂತೆ ಕೆಂಪಾಗಿತ್ತು. ಅದೇ ಹುಳಿ ವಾಸನೆ. ಸಿಂಕಿಗೆ ಸುರಿದದ್ದು ಒಂದೇ ಏಟಿಗೆ ನೆನಪಿಗೆ ಬಂತು.

ಬಟ್ಟೆಯ ಮೇಲಿನ ನೀರನ್ನು ಡ್ರಾಪರಿನಲ್ಲಿ ಎಳೆದುಕೊಂಡೆ. ಬೆನೆಡಿಕ್ಟ್ ದ್ರಾವಣ ಮರೆತುಹೋದ ವಸ್ತು. ಹೊಸದಾಗಿ ತಯಾರಿಸಿ ಕುದಿಸಿದೆ. ಇಟ್ಟಿಗೆ ಕೆಂಪು. ಆರು ಗಂಟೆ ಕಾಲ ಹಾಲು ನಿಲ್ಲಿಸಿ ಬರೀ ನೀರು ಕೊಡು ಎಂದು ಶಶಿಕಲಾಗೆ ಹೇಳಿದೆ. ಭೇದಿ ನಿಂತಿತು. ಹಾಲು ಕೊಟ್ಟೊಡನೆ ಮತ್ತೆ ಶುರು. ಮಹೇಶ ಮಂಡಿಯ ಸೀಸನ್ನಿನಲ್ಲಿ ಸಿಕ್ಕಿಕೊಂಡಿದ್ದ; ನಾನೇ ರಜೆ ಹಾಕಿ ತಾಯಿ ಮಗುವನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿಯ ಡಾಕ್ಟರು ನನಗೆ ಮಗಳಾಗಬಹುದಾದ ವಯಸ್ಸಿನವರು. ನನ್ನ ಟ್ಯೂಬಿನ ಕಥೆ ಕೇಳಿ, “ಹೂ ಕಾಟ್ ದಿಸ್? ನೀವಾ?” ಎಂದರು. ಐ ವಾಸ್ ಸೋ ಪ್ರೌಡ್. ಗಾಡ್ ಫರ್ಗಿವ್ ಮಿ. ಅಜ್ಜಿ ಆರು ವರ್ಷದ ಹಿಂದೆಯೇ ಹಿಡಿದಿದ್ದರು ಎಂದು ಹೇಳಬೇಕಿತ್ತು. ಕುಡಿಸಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂಬ ಎರಡು ವಾಕ್ಯ. ಇಡೀ ಕಾಯಿಲೆ ಅದರಲ್ಲೇ ಇತ್ತು. ನಾನು “ಯೆಸ್ ಡಾಕ್ಟರ್” ಎಂದೆ.

ಕಾಯಿಲೆ ಇದು: ಉಪ್ಪು ಸಕ್ಕರೆ ಕೂಡಿ ಬಂದರೆ ತೆರೆಯುವ ಆ ಬಾಗಿಲು ಈ ಮಗುವಿನ ಕರುಳಿನಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ. ತಾಯಿಯ ಹಾಲಿನ ಸಕ್ಕರೆ, ಅನ್ನದ ಪಿಷ್ಟ, ಬೆಲ್ಲ, ಎಲ್ಲದರಿಂದಲೂ ಹೊರಡುವ ಗ್ಲೂಕೋಸು ಒಳಗೆ ಹೋಗಲಾರದೆ ಕರುಳಿನಲ್ಲೇ ನಿಂತು ಮೈಯ ನೀರನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಬೇರೆ ಮಕ್ಕಳನ್ನು ಉಳಿಸುವ ಸಕ್ಕರೆ ಉಪ್ಪಿನ ನೀರು ಈ ಮಗುವಿಗೆ ವಿಷ. ಹಣ್ಣಿನ ಸಕ್ಕರೆಗೆ ಮಾತ್ರ ಬೇರೊಂದು ಬಾಗಿಲಿದೆ, ಅದು ಸರಿಯಾಗಿದೆ. ಹಣ್ಣಿನ ಸಕ್ಕರೆ ಕೊಟ್ಟು ಬೆಳೆಸಿದರೆ ಮಗು ಬದುಕುತ್ತದೆ, ಶಾಲೆಗೂ ಹೋಗುತ್ತದೆ.

ಶಶಿಕಲಾಗೆ ನಾನು ಮಂಡಿಯ ಭಾಷೆಯಲ್ಲಿ ಹೇಳಿದೆ. “ನಿಮ್ಮ ಮಂಡಿ ಗೇಟಿನಲ್ಲಿ ಗಾಡಿಯೂ ಬೇಕು, ಚೀಟಿಯೂ ಬೇಕು, ಅಲ್ವಾ? ಎರಡೂ ಇದ್ದರೂ ಗೇಟೇ ತೆರೆಯದಿದ್ದರೆ?”

“ಗಾಡಿಯೆಲ್ಲ ರಸ್ತೇಲಿ ನಿಂತ್ಬುಡ್ತವೆ,” ಎಂದಳು. ಮಗುವಿನ ಹೊದಿಕೆ ಸರಿಮಾಡುತ್ತ, “ಗೇಟು ಯಾರು ಕೆಡಿಸಿದ್ದು ಆಂಟಿ?”

“ಯಾರೂ ಕೆಡಿಸಿಲ್ಲ. ಕೆಟ್ಟ ನಕ್ಷೆಯ ಒಂದು ಪ್ರತಿ ನಿನ್ನ ಹತ್ರ ಇದೆ, ಒಂದು ಮಹೇಶನ ಹತ್ರ. ಒಂದೊಂದೇ ಇದ್ದರೆ ಏನೂ ಆಗಲ್ಲ. ಎರಡೂ ಮಗುವಿಗೆ ಬಂದುಬಿಟ್ಟಿದೆ. ಒಂದೇ ಮನೆಯವರು ನೋಡು ನೀವು.”

ಅವಳು ಮಗುವಿನ ಅಂಗಾಲನ್ನು ಉಜ್ಜುತ್ತ ಕೂತಳು. ಪೂರ್ ಥಿಂಗ್, ಅಳಲೂ ಇಲ್ಲ.

ಕಷ್ಟ ಬಂದದ್ದು ಊಟದ ವಿಷಯಕ್ಕೆ. ಅಂಥ ಮಕ್ಕಳಿಗೆಂದೇ ಮಾಡಿದ ಪೌಡರು ವಿದೇಶದ್ದು, ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಡಾಕ್ಟರು ಇನ್ನೊಂದು ದಾರಿ ಹೇಳಿದರು: ಕೋಳಿಮಾಂಸ ಬೇಯಿಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಹಣ್ಣಿನ ಸಕ್ಕರೆಯ ಪುಡಿ ಬೆರೆಸಿ ಕೊಡುವುದು. ಶಶಿಕಲಾ ನನ್ನ ಕೈ ಹಿಡಿದುಕೊಂಡಳು. ಮೊಟ್ಟೆಯ ಹೆಸರನ್ನೂ ಎತ್ತದ ಮನೆ. ಅಜ್ಜಿ ದಿನಾ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ.

“ಅಜ್ಜಿಗೆ ಗೊತ್ತಾದ್ರೆ ಸತ್ತೇ ಹೋಯ್ತಾಳೆ ಆಂಟಿ.”

“ಗೊತ್ತಾಗೋದೇ ಬೇಡ,” ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. “ನಮ್ಮ ಮನೇಲಿ ಮಾಡ್ತೀನಿ. ದಿನಾ ಬೆಳಗ್ಗೆ ಬಾಟ್ಲಿ ತಗೊಂಡು ಹೋಗು. ಬೆಂಗಳೂರು ಪೌಡರು ಅಂತ ಹೇಳು. ಮಹೇಶನಿಗೂ ಅಷ್ಟೇ. ಏನು ಕಾಯಿಲೆ ಅಂದ್ರೆ ಜೀರ್ಣಶಕ್ತಿ ಕಮ್ಮಿ ಅನ್ನು. ಜಾಸ್ತಿ ವಿವರಿಸಿದಷ್ಟೂ ಪ್ರಶ್ನೆ ಜಾಸ್ತಿ.”

ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಎಲ್ಲವೂ ದಪ್ಪಕ್ಷರದಲ್ಲಿತ್ತು: ಗ್ಲೂಕೋಸ್ ಕೊಡಬೇಡಿ, ಹಾಲು ಕೊಡಬೇಡಿ, ಸಕ್ಕರೆ ಉಪ್ಪಿನ ದ್ರಾವಣ ಬಾಯಿಗೆ ಕೊಡಲೇಬೇಡಿ. ಅದೇ ಪುಟದಲ್ಲಿ ಕೋಳಿಯ ಹೆಸರೂ ಇತ್ತು. ಅದಕ್ಕಾಗಿ ಆ ಕಾಗದವನ್ನು ನಾನು ನನ್ನ ಬೀರುವಿನಲ್ಲಿ ಇಟ್ಟುಕೊಂಡೆ. ಇಡೀ ಸರ್ವಿಸಿನಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಒಂದನ್ನು ವಾಪಸ್ ಪಡೆಯಬಹುದು ಎಂದರೆ ಇದನ್ನೇ ಕೇಳುತ್ತೇನೆ. ರೋಗಿಯ ಕಾಗದ ರೋಗಿಯ ಮನೆಯಲ್ಲಿರಬೇಕು. ಅಡುಗೆ ಮಾಡುವವರ, ಮಗು ಎತ್ತುವವರ ಕೈಯಲ್ಲಿರಬೇಕು.

ಎಂಟು ತಿಂಗಳು ಚೆನ್ನಾಗಿ ನಡೆಯಿತು. ಮಗುವಿಗೆ ಕೆನ್ನೆ ಬಂತು. ಚಿನ್ನಿ ಎಂದು ಕರೆಯುತ್ತಿದ್ದರು. ಬೆಳಗ್ಗೆ ಶಶಿಕಲಾ ಬಂದು, ನಾನು ಸೋಸುವುದನ್ನು ನೋಡುತ್ತ ಅಡುಗೆಕಟ್ಟೆಯ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಕುಣಿಸುತ್ತಿದ್ದಳು. “ಆಂಟಿ, ಇವ್ಳು ದೊಡ್ಡೋಳಾದ್ಮೇಲೆ ನಿಮ್ ಮನೇಗೇ ಊಟಕ್ಕೆ ಬತ್ತಾಳೆ ನೋಡಿ, ನಮ್ಮ ಮನೇದು ರುಚಿಸೋದೇ ಇಲ್ಲ ಇವ್ಳಿಗೆ” ಎಂದು ನಗುತ್ತಿದ್ದಳು. ನನ್ನ ಅಡುಗೆಮನೆಯಲ್ಲಿ ಅಷ್ಟು ನಗು ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ. ಸರ್ವಮಂಗಳಮ್ಮನವರಿಗೆ ಹೋಗಿ, ನೀವು ಅವತ್ತು ಹೇಳಿದ್ದು ಸರಿಯಿತ್ತು ಎಂದು ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಹೇಳಿದರೆ ಮೊದಲ ಮಗುವಿನ ಮಾತು ಬರುತ್ತದೆ. ದಿನ ಮುಂದೆ ಹಾಕಿದೆ.

ಕಲ್ಯಾಣದುರ್ಗದಲ್ಲಿ ಅವರ ನೆಂಟರ ಮನೆಯ ಗೃಹಪ್ರವೇಶ ಬಂತು. ಎರಡು ದಿನಕ್ಕಾಗುವಷ್ಟು ಬಾಟ್ಲಿಗಳನ್ನು ಐಸ್ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಹೊಸ ಮನೆಗೆ ಇನ್ನೂ ಫ್ರಿಜ್ ಬಂದಿರಲಿಲ್ಲ. ಬಿಸಿಲಿಗೆ ಎಲ್ಲವೂ ಹುಳಿಯಾದವು. ಅದರ ಮೇಲೆ ಮಗುವಿಗೆ ಜ್ವರ, ಭೇದಿ. ಊರು ತುಂಬ ಅದೇ ಇತ್ತಂತೆ. ಹೊಸ ಬಾಟ್ಲಿ ತರಲು ಶಶಿಕಲಾ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಹೊರಟಳು. ಹೊರಡುವಾಗ ಅಜ್ಜಿಗೆ ಹೇಳಿದಳಂತೆ, “ನಾನು ಬರೋಗಂಟ ನೀರು ಬಿಟ್ರೆ ಏನೂ ಕೊಡ್ಬೇಡ.” ಯಾಕೆ ಎಂದು ಹೇಳಲಿಲ್ಲ. ಹೇಳಬೇಡ ಎಂದವಳು ನಾನು.

ಮಧ್ಯಾಹ್ನ ಅವಳು ನನ್ನ ಮನೆಯಲ್ಲಿ, ಕುಕ್ಕರಿನ ಮುಂದೆ, ಬೇಗ ಆಂಟಿ ಬೇಗ ಎನ್ನುತ್ತಿದ್ದಳು. ಅಲ್ಲಿ ಮಗುವಿನ ಕಣ್ಣು ಗುಳಿಬಿದ್ದದ್ದನ್ನು ನೋಡಿ ಸರ್ವಮಂಗಳಮ್ಮ ಅದನ್ನು ಎತ್ತಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು. ಏನಾದರೂ ಕಾಯಿಲೆ ಇದೆಯಾ ಎಂದು ಅಲ್ಲಿ ಕೇಳಿದ್ದಾರೆ. ಜೀರ್ಣಶಕ್ತಿ ಕಮ್ಮಿ, ಬೆಂಗಳೂರು ಪೌಡರು ಕೊಡ್ತೀವಿ ಎಂದಿದ್ದಾರೆ ಅಜ್ಜಿ. ನರ್ಸಿಂಗ್ ಹೋಮಿನವರು ಸಕ್ಕರೆ ಉಪ್ಪಿನ ಪುಡಿಯ ಪ್ಯಾಕೆಟ್ ಕರಗಿಸಿ ಕೊಟ್ಟಿದ್ದಾರೆ. ಅವರು ಮಾಡಿದ್ದು ಸರಿಯೇ. ನಾನಿದ್ದರೂ ಅದನ್ನೇ ಕೊಡುತ್ತಿದ್ದೆ. ಅದೂ ನೀರೇ ತಾನೇ ಎಂದುಕೊಂಡು ಅಜ್ಜಿ ಚಮಚ ಚಮಚ ಕುಡಿಸಿದ್ದಾರೆ. ಹೋದಷ್ಟೂ ಕುಡಿಸಿದ್ದಾರೆ.

ವಾಪಸ್ ಬಸ್ಸು ಮಡಕಶಿರಾ ದಾಟುವಾಗ ಶಶಿಕಲಾಗೆ ಮಹೇಶನ ಫೋನ್ ಬಂತು. ಅವಳು ಬಸ್ಸಿನಿಂದಲೇ ಕೂಗಿ ಹೇಳಿದಳಂತೆ, ಆ ನೀರು ಕುಡಿಸೋದು ನಿಲ್ಸಿ, ನಿಲ್ಸಿ ಎಂದು. ಆಗಲೇ ಸಂಜೆ. ಆಮೇಲೆ ಡ್ರಿಪ್ ಹಾಕಿದರು. ಅಷ್ಟು ಒಣಗಿದ ಮೈಯಲ್ಲಿ ನರ ಸಿಕ್ಕುವ ಹೊತ್ತಿಗೆ ತಡವಾಗಿತ್ತು. ಮರುದಿನ ಬೆಳಗ್ಗೆ ಅನಂತಪುರಕ್ಕೆ ಒಯ್ಯುವ ದಾರಿಯಲ್ಲಿ ಚಿನ್ನಿ ಹೋಯಿತು.

ಶಶಿಕಲಾ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮಾರ್ಕೆಟ್ಟಿನಲ್ಲಿ ಎದುರಾದರೆ ದಾರಿ ಬದಲಿಸುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು. ನಾನು ಇನ್ನೆರಡು ವರ್ಷ ಕೆಲಸ ಮಾಡಿ ರಿಟೈರ್ ಆದೆ. ಆ ಎರಡು ವರ್ಷದಲ್ಲಿ ಒಂದು ರಿಪೋರ್ಟನ್ನೂ ತಪ್ಪು ಕೊಡಲಿಲ್ಲ ಎಂದು ಫೇರ್‌ವೆಲ್ ಭಾಷಣದಲ್ಲಿ ಹೇಳಿದರು. ಏನು ಪ್ರಯೋಜನ.

ಮಗು ಹೋಗಿ ಹದಿನೈದು ದಿನಕ್ಕೆ ಸರ್ವಮಂಗಳಮ್ಮ ಒಬ್ಬರೇ ನನ್ನ ಮನೆಗೆ ಬಂದಿದ್ದರು. ಬಾಗಿಲಲ್ಲೇ ನಿಲ್ಲುತ್ತಾರೆ ಎಂದುಕೊಂಡೆ. ನೇರವಾಗಿ ಅಡುಗೆಮನೆಯ ಹೊಸ್ತಿಲಿಗೆ ಬಂದು ಒಳಗೆಲ್ಲ ಕಣ್ಣಾಡಿಸಿದರು.

“ಇಲ್ಲೇನಾ ಮಾಡ್ತಿದ್ದಿದ್ದು?”

“ಹೌದಮ್ಮ. ಶಶಿ ಹೇಳಿದಳಾ?”

“ಅವ್ಳೇನು ಹೇಳೋದು. ಮೊದಲ್ನೇ ದಿನ ಬಾಟ್ಲಿ ಮುಚ್ಚಳ ತೆಗೆದಾಗ್ಲೇ ಗೊತ್ತಾಯ್ತು. ಹುಟ್ಟಿದಾಗ್ಲಿಂದ ತಿನ್ದೇ ಇರೋಳ ಮೂಗಮ್ಮ ಇದು.”

ನಾನು ಸ್ಟೂಲ್ ಎಳೆದುಕೊಂಡು ಕೂತೆ. “ಮತ್ತೆ ಯಾಕೆ ಏನೂ ಅನ್ನಲಿಲ್ಲ?”

“ಮಗು ಮೈ ತುಂಬ್ಕೊಂತಿತ್ತು. ನೀವಿಬ್ರೂ ಅಷ್ಟ್ ಕಷ್ಟಪಟ್ಟು ಮುಚ್ಚಿಡ್ತಿದ್ರಿ, ಕೇಳಿ ಯಾಕ್ ನಾಚಿಕೆ ಮಾಡ್ಲಿ ಅಂತ ಸುಮ್ಕಿದ್ದೆ. ಬಾಟ್ಲಿ ತೊಳೀತಿದ್ದೋಳು ನಾನೇಯ. ತೊಳೆದು, ಮೈಮೇಲೆ ನೀರು ಹಾಕ್ಕೊಂಡು, ಪೂಜೆಗೆ ಕೂರ್ತಿದ್ದೆ. ಶಿವ ಏನೂ ಅನ್ನಲಿಲ್ಲ.” ಸೆರಗಿನಿಂದ ಬಾಯಿ ಒರೆಸಿಕೊಂಡರು. “ಅವ್ಳು ನನ್ ಸೊಸೆ ಆಗೋಕೆ ಮುಂಚೆ ಮೊಮ್ಮಗಳು ಕಣಮ್ಮ. ನನ್ ಕೇಳಿದ್ರೆ ನಾನೇ ಬೇಯಿಸ್ತಿದ್ದೆ.”

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

“ಕೋಳಿ ಗೊತ್ತಿತ್ತು. ಸಕ್ರೆ ಗೊತ್ತಿರ್ಲಿಲ್ಲ. ಕೋಳಿ ಮುಚ್ಚಿಡೋಕೆ ಹೋಗಿ ಸಕ್ರೇನೂ ಮುಚ್ಚಿಟ್‌ಬುಟ್ರಲ್ಲ. ಮೊದಲ್ನೇ ಮಗೀಗೆ ನನ್ನಿಂದ್ಲೇ ಆಯ್ತು ಅಂದ್ರಿ. ಅದಕ್ಕೆ ಈ ಸಲ ಮಾತು ಕೇಳ್ದೆ. ಒಂದು ಚಮಚಾನೂ ತಪ್ಪಿಸ್ಲಿಲ್ಲ.”

ಮೊದಲನೆಯದೂ ನಿಮ್ಮಿಂದ ಅಲ್ಲ ಎಂದೆ. ಅಷ್ಟು ತಿಂಗಳು ಮುಂದೆ ಹಾಕಿದ್ದ ಮಾತು. ಆಡಿದಾಗ ನನ್ನ ಕಿವಿಗೇ ಹಗುರವಾಗಿ ಕೇಳಿಸಿತು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಅಡುಗೆಮನೆಯೊಳಗೆ ಬಂದು ನೆಲದ ಮೇಲೆ ಕೂತರು.

“ಹೇಳು, ಹೆಂಗೆ ಮಾಡೋದು ಅಂತ.”

“ಈಗ ಯಾಕಮ್ಮ?”

“ಹೇಳು ಅಂದ್ರೆ ಹೇಳು.”

ಹೇಳಿದೆ. ಮೂಳೆ, ಚರ್ಮ, ಕೊಬ್ಬು ಯಾವುದೂ ಇಲ್ಲದ ಎದೆಯ ಭಾಗ ಮಾತ್ರ. ಅವರು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸುತ್ತ, ನಾನು ಹೇಳಿದ್ದನ್ನು ತಿರುಗಿ ಹೇಳಿಕೊಂಡರು. ಎದೆಯ ಭಾಗ ಮಾತ್ರ.

“ಎಷ್ಟೊತ್ತು ಬೇಯಿಸ್ಬೇಕು?”

“ಬೆರಳಲ್ಲಿ ಒತ್ತಿದರೆ ನಾರು ನಾರಾಗಿ ಬಿಡಬೇಕು.”

“ಬಿಡಬೇಕು. ಆಮೇಲೆ?”

“ನುಣ್ಣಗೆ ರುಬ್ಬಿ, ನೀರು ಸೇರಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು.”

“ಎರಡು ಸಲ. ಆಮೇಲೆ?”

“ಒಂದು ಚಮಚ ಎಣ್ಣೆ. ಹಣ್ಣಿನ ಸಕ್ಕರೆ, ಅಳತೆ ಚಮಚದ ತಲೆಮಟ್ಟ. ಚೆನ್ನಾಗಿ ಕಲಕಿ ಬಾಟ್ಲಿಗೆ ಹಾಕಿ, ಬೆಚ್ಚಗಿದೆಯಾ ಅಂತ ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ…”

ಅವರು ಮುಂಗೈಯನ್ನು ತಿರುಗಿಸಿ ಹಿಡಿದು, ಕಣ್ಣು ಮುಚ್ಚಿಕೊಂಡೇ ಕಾದರು.

“ನೋಡಿದೆ,” ಎಂದರು. “ಆಮೇಲೆ?”